ನೆಪ ಹುಡುಕುವ ನೌಕರಿ

ಬೈಕನ್ನು ಯಾವಾಗಲೂ ಊರಿನಿಂದ ಹೊರಗೆ ಹೋಗುವ ದಾರಿಗೆ ಮುಖ ಮಾಡಿ ನಿಲ್ಲಿಸಬೇಕು. ಕೀಲಿ ಜೇಬಿನಲ್ಲಲ್ಲ, ಕೈಯಲ್ಲಿರಬೇಕು. ಕಾಲುವೆ ಕಚೇರಿಗೆ ಹೊಸದಾಗಿ ಸೇರಿದವರು ಯಾರಾದರೂ ರಾಯಚೂರಿನ ನಮ್ಮ ಮನೆಗೆ ಬಂದು, “ಸರ್, ನಿಮ್ಮ ಅನುಭವದಿಂದ ಒಂದು ಮಾತು ಹೇಳ್ರಿ” ಎಂದರೆ ನಾನು ಮೊದಲು ಹೇಳುವುದು ಇದನ್ನೇ. ಅವರು ನಗುತ್ತಾರೆ. ನೀರಿನ ಹರಿವು, ಗೇಟಿನ ಅಳತೆ, ಇಂಥ ಏನಾದರೂ ಘನವಾದದ್ದು ಬರುತ್ತದೆಂದು ಕಾದಿರುತ್ತಾರೆ. ಅವೆಲ್ಲ ಪುಸ್ತಕದಲ್ಲಿವೆ. ಹೆದರಿಕೆಯ ಬಗ್ಗೆ ಪುಸ್ತಕದಲ್ಲಿ ಏನೂ ಇಲ್ಲ, ಮತ್ತು ಅದೊಂದರಲ್ಲಿ ಮಾತ್ರ ನಾನು ಪಂಡಿತ.

ಐವತ್ತು ದಾಟುತ್ತಿದ್ದಂತೆ ರಕ್ತದೊತ್ತಡದ ಕಾರಣ ಹೇಳಿ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮನೆಯಲ್ಲಿ ಕೂತರೂ ಎದೆ ಹೊಡೆದುಕೊಳ್ಳುವುದು ನಿಂತಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ, ಮೇಲಿನ ಟ್ಯಾಂಕು ತುಂಬಿ ಚೆಲ್ಲುತ್ತಿದೆಯೋ ಏನೋ. ನನ್ನ ಹೆಂಡತಿ ಇದಕ್ಕೆ ಹೊಂದಿಕೊಂಡಿದ್ದಾಳೆ. “ಮನ್ಯಾಗ ಕೂತೇ ಅಂಜ್ರಿ, ಪೆಟ್ರೋಲ್ ಆದ್ರೂ ಉಳೀತದ” ಎನ್ನುತ್ತಾಳೆ.

ಕಾಗದದ ಮೇಲೆ ನನ್ನ ಕೆಲಸ ವರ್ಕ್ ಇನ್‌ಸ್ಪೆಕ್ಟರ್. ಕಾಲುವೆಯ ಏರಿ ಒಡೆದಿದೆಯೇ, ಗೇಟು ತುಕ್ಕು ಹಿಡಿದಿದೆಯೇ, ಹೂಳು ಎತ್ತಿದ್ದಾರೆಯೇ ಎಂದು ನೋಡಿ ವರದಿ ಮಾಡುವುದು. ಕಾಗದದ ಮೇಲೆ ಇಲ್ಲದ ಕೆಲಸ ಇನ್ನೊಂದಿತ್ತು. ಕಾಲುವೆಯ ಮೇಲಿನ ಊರಿನ ಮಾತನ್ನು ಕೆಳಗಿನ ಊರಿಗೆ, ಕೆಳಗಿನ ಊರಿನ ಮಾತನ್ನು ಮೇಲಿನ ಊರಿಗೆ, ದಾರಿಯಲ್ಲಿ ಸ್ವಲ್ಪ ಆರಿಸಿ ಮುಟ್ಟಿಸುವುದು. ಮಾನ್ವಿ ಕಡೆಯ ಕಾಲುವೆಗಳ ಸಂಗತಿ ನಿಮಗೆ ಗೊತ್ತಿರಬಹುದು. ಅಣೆಕಟ್ಟು ಎಲ್ಲೋ ದೂರದಲ್ಲಿ, ನಾವು ಕೊನೆಯವರು. ಮೇಲಿದ್ದವರಿಗೆ ನೀರು ಕಾಣುತ್ತದೆ, ಕೆಳಗಿದ್ದವರಿಗೆ ನೀರಿನ ಸುದ್ದಿ ಮಾತ್ರ ಬರುತ್ತದೆ. ನಡುವೆ ಕಾಲುವೆಯುದ್ದಕ್ಕೂ ಪಂಪ್‌ಸೆಟ್ಟುಗಳು ಸಾಲಾಗಿ ಪೈಪು ಇಳಿಬಿಟ್ಟುಕೊಂಡು ಕೂತಿರುತ್ತವೆ.

ಜಗಳ ಜೋರಾದಾಗ ರಾಯಚೂರಿನ ಕಚೇರಿಯಲ್ಲಿ ಸಭೆ ಕರೆಯುತ್ತಿದ್ದರು. ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಒಂದೊಂದು ನೀರಿನ ಬಾಟಲಿ. ಬಾಟಲಿ ಮುಂದಿಟ್ಟುಕೊಂಡು ನೀರಿಲ್ಲ ಎಂದು ಕೂಗುವುದು. ಅಂಥ ಸಭೆಯಲ್ಲಿ ಯಾರೂ ಒಂದಿಂಚು ಬಿಟ್ಟುಕೊಡುವುದು ನಾನು ಕಂಡಿಲ್ಲ. ಬಿಟ್ಟುಕೊಡಲು ಮನಸ್ಸಿರಲಿಲ್ಲ ಎಂದಲ್ಲ. ಹಿಂದೆ ತಮ್ಮ ಊರಿನವರು ನಿಂತು ನೋಡುತ್ತಿರುವಾಗ ಯಾವ ಯಜಮಾನ ತಾನೇ ‘ಆಯ್ತು’ ಎಂದಾನು? ಸಭೆ ಮುಗಿದ ಮೇಲೆ ನಮ್ಮ ಸಾಹೇಬರು ನನ್ನನ್ನು ಕರೆದು, ಕಿಟಕಿಯಿಂದ ಹೊರಗೆ ನೋಡುತ್ತ, “ನೀವು ಆ ಕಡೆ ಹೊಂಟಿದ್ರೇನು? ನಾನೇನು ಕಳಸಾಕತ್ತಿಲ್ಲ ಮತ್ತ. ನೀವು ಹೋಗಿದ್ದು ನನಗ ಗೊತ್ತೂ ಇಲ್ಲ” ಎನ್ನುತ್ತಿದ್ದರು. ಹೀಗೆ ಸಾಹೇಬರಿಗೆ ಗೊತ್ತಿಲ್ಲದ ಹಾಗೆ ಸಾಹೇಬರು ಹೇಳಿದ ಕೆಲಸವನ್ನು ನಾನು ಮಾಡುತ್ತಿದ್ದೆ. ಕೆಟ್ಟರೆ ನನ್ನದು, ಕೂಡಿಬಂದರೆ ಯಾರದೂ ಅಲ್ಲ. ಇದನ್ನು ಸಂಕಟದಿಂದ ಹೇಳುತ್ತಿಲ್ಲ. ಆ ಕುರ್ಚಿಯಲ್ಲಿ ಕೂತವರು ಬೇರೆ ಹೇಗೂ ಹೇಳಲಾರರು ಎಂಬುದು ನಿಮಗೂ ಮುಂದೆ ತಿಳಿಯುತ್ತದೆ.

ಈ ಕೆಲಸ ನಾನು ಕಲಿತದ್ದು ಮಾನ್ವಿಯ ಖಾಜಾಸಾಬರ ಅಂಗಡಿಯಲ್ಲಿ. ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೇಲಿನ ಊರಿನ ಪಂಪೂ ಕೆಡುತ್ತದೆ, ಕೆಳಗಿನ ಊರಿನ ಪಂಪೂ ಕೆಡುತ್ತದೆ. ಹಿಂದಿನ ದಿನ ಏರಿಯ ಮೇಲೆ ಕೊರಳಪಟ್ಟಿ ಹಿಡಿದವರು ಮರುದಿನ ಅಲ್ಲಿ ಒಂದೇ ಬೆಂಚಿನ ಮೇಲೆ ಕೂತು ವಾಶರಿಗಾಗಿ ಕಾಯಬೇಕಾಗುತ್ತಿತ್ತು. ಖಾಜಾಸಾಬರು ಯಾರ ಕೆಲಸವನ್ನೂ ಬೇಗ ಮುಗಿಸುತ್ತಿರಲಿಲ್ಲ. ಮೊದಲೆಲ್ಲ ಇದು ಸೋಮಾರಿತನ ಎಂದುಕೊಂಡಿದ್ದೆ.

“ಯಾಕ್ರೀ ಖಾಜಾಸಾಬ್, ಆ ಬೋಲ್ಟ್ ಎಷ್ಟೊತ್ತು ಒರಸ್ತೀರಿ?” ಎಂದು ಒಮ್ಮೆ ಕೇಳಿದೆ.

“ರಾಯಸಾಬ್, ಇಬ್ರೂ ಮಾತಾಡ್ಬೇಕಲ್ಲ” ಎಂದರು ಮೆಲ್ಲಗೆ. “ನಾ ಕೆಲಸ ಮುಗಿಸಿಬಿಟ್ರ ಎದ್ದು ಹೋಗ್ತಾರ. ಇನ್ನೊಂಚೂರು ಒರಸ್ತೀನಿ, ಆಗ ಒಬ್ಬಾಂವ ಬೀಡಿಗಿ ಬೆಂಕಿ ಕೇಳ್ತಾನ ನೋಡ್ರಿ.”

ಕೇಳಿದ. ಇನ್ನೊಬ್ಬ ಕೊಟ್ಟ. ಮುಖ ಮಾತ್ರ ಇಬ್ಬರೂ ಬೇರೆ ಬೇರೆ ಕಡೆ ತಿರುಗಿಸಿಕೊಂಡಿದ್ದರು.

ಅವರ ವಿಚಾರ ಇಷ್ಟೇ. ಜಗಳವಾಡುವವರಿಗೆ ನ್ಯಾಯ ಬೇಕಾಗಿರುವುದಿಲ್ಲ, ನೆಪ ಬೇಕಾಗಿರುತ್ತದೆ. ಸೋತೆ ಅನ್ನಿಸಿಕೊಳ್ಳದೆ ಹಿಂದೆ ಸರಿಯಲು ಒಂದು ನೆಪ. ಅದನ್ನು ಹುಡುಕಿ ಅವರ ಕೈಗೆ ಸಿಗುವ ಜಾಗದಲ್ಲಿ ಇಟ್ಟು, ನಾವು ಇಟ್ಟದ್ದಲ್ಲ ಎಂಬಂತೆ ಬೇರೆ ಕಡೆ ನೋಡಬೇಕು. ಖಾಜಾಸಾಬರಿಗೆ ಇದು ಸಲೀಸು. ನನಗೆ ಬೇರೆ ಕಡೆ ನೋಡುವುದೇ ಬರುತ್ತಿರಲಿಲ್ಲ. ಹೆದರಿದವನ ಕಣ್ಣು ಎಲ್ಲಿ ಹೆದರಿಕೆಯಿದೆಯೋ ಅಲ್ಲೇ ನೆಟ್ಟಿರುತ್ತದೆ.

ದೇವದುರ್ಗದಲ್ಲಿ ಮಾಡಿಕೊಂಡ ಎಡವಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಗೆ ನನ್ನನ್ನು ಎರಡು ವರ್ಷ ಹಾಕಿದ್ದರು. ಅರಕೇರಾದಿಂದ ಒಳಗೆ ಹೋದರೆ ಎರಡು ಹಳ್ಳಿ, ನಡುವೆ ಒಂದು ಉಪಕಾಲುವೆ. ವಾರಗಟ್ಟಲೆ ಓಡಾಡಿ, ಸರದಿಯ ಮೇಲೆ ನೀರು ಬಿಡುವುದಕ್ಕೆ ಎರಡೂ ಕಡೆಯವರನ್ನು ಬಾಯಿಮಾತಿನಲ್ಲಿ ಒಪ್ಪಿಸಿದ್ದೆ. ಮೇಲಿನ ಹಳ್ಳಿಯವರಿಗೆ ಖುಷಿಯಾಗಿ, ಗುಡಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ಶಾಲು ಹೊದಿಸಿ, ಹೂವಿನ ಹಾರ ಹಾಕಿ, ಕೈಗೆ ಒಂದು ತೆಂಗಿನಕಾಯಿ ಕೊಟ್ಟರು. ಜೀವನದಲ್ಲಿ ಮೊದಲ ಸನ್ಮಾನ. ತಲೆ ತಿರುಗಿತು. ಹಾರ ತೆಗೆದು ಬೈಕಿನ ಹ್ಯಾಂಡಲಿಗೆ ಹಾಕಿದೆ. ಶಾಲು ತೆಗೆಯಲು ಮರೆತೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮರೆತಿರಲಿಲ್ಲ, ಚೆನ್ನಾಗಿತ್ತು, ಹೊದ್ದುಕೊಂಡೇ ಹೋದೆ. ಹೋದದ್ದು ಕೆಳಗಿನ ಹಳ್ಳಿಗೆ.

ಊರ ಬಾಯಲ್ಲೇ ಒಬ್ಬ ಮುದುಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಓಹೋ! ಮದುಮಗ ಬಂದಾನ್ರಲೇ” ಎಂದು ಒಳಗೆ ಕೂಗಿ, ನನ್ನ ಕಡೆ ತಿರುಗಿ, “ಏನ್ ರಾಯರ, ಅವರು ಶಾಲು ಹೊಚ್ಚಿದ್ರು ಅಂದಮ್ಯಾಲ ನಮಗ ಏನರ ಹೊಚ್ಚಾಕ ಬಂದೀರಿ?” ಎಂದ.

ಹತ್ತು ಜನ ಸೇರಿದರು, ಇಪ್ಪತ್ತಾದರು. ನಾನು ಶಾಲನ್ನು ಮಡಿಸಲು ನೋಡಿದೆ. ಅದು ಕೈಜಾರಿ ಕೆಳಗೆ ಬಿತ್ತು. ಯಾರೋ ಅದರ ಮೇಲೆ ಕಾಲಿಟ್ಟರು. ಆ ದಿನ ನನಗೆ ಪೆಟ್ಟು ಬೀಳಲಿಲ್ಲ, ಆದರೆ ಸರದಿಯ ಒಪ್ಪಂದ ಅಲ್ಲೇ ಮುರಿದುಬಿತ್ತು. ಹ್ಯಾಂಡಲಿನ ಹೂವಿನ ವಾಸನೆಗೆ ಈಗಲೂ ನನಗೆ ಬೆವರುತ್ತದೆ. ಮಗಳ ಮದುವೆಯಲ್ಲಿ ಚೆಂಡುಹೂವಿನ ಹಾರ ಹಾಕಿಕೊಳ್ಳಲು ನಾನು ಒಲ್ಲೆನೆಂದದ್ದು ಇದಕ್ಕೇ. ಬೀಗರು ಬೇರೆ ಏನೋ ತಿಳಿದುಕೊಂಡರು.

ಆಗಿನ ಕಾಲಕ್ಕೂ ಈಗಿನದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೊದಲು ಒಂದು ಬೈಗುಳ ಮೇಲಿನ ಊರಿನಿಂದ ಕೆಳಗಿನ ಊರು ಮುಟ್ಟಲು ಯಾರೋ ಸೈಕಲ್ ತುಳಿಯಬೇಕಿತ್ತು. ತುಳಿಯುವಾಗ ಅದರ ಖಾರ ಅಷ್ಟಿಷ್ಟು ಇಳಿಯುತ್ತಿತ್ತು. ನಾನೇ ಎಷ್ಟೋ ಬೈಗುಳಗಳನ್ನು ದಾರಿಯಲ್ಲಿ ನುಂಗಿದ್ದೇನೆ. ಈಗ ಬೈಯುವವನ ಮುಖ, ತೋರುಬೆರಳು, ಹಿಂದೆ ನಿಂತವರ ಶಿಳ್ಳೆ, ಎಲ್ಲ ಸೇರಿ ವಿಡಿಯೋ ಆಗಿ ಚಹಾ ಕುದಿಯುವುದರೊಳಗೆ ಆ ಊರಿನ ಎಲ್ಲರ ಕೈಯಲ್ಲೂ ಇರುತ್ತದೆ. ಮಧ್ಯಸ್ಥನಿಗೆ ನುಂಗಲು ಏನೂ ಉಳಿದಿಲ್ಲ.

ಆ ಒಂದು ಬೇಸಿಗೆ ಬೆಳೆಯ ಸಂಗತಿ ಬರೆಯಬೇಕೆಂದೇ ಇಷ್ಟೆಲ್ಲ ಶುರು ಮಾಡಿದ್ದು. ಮಾನ್ವಿ ಕಡೆಯ ಎರಡು ಊರು. ಹೆಸರು ಬರೆಯುವುದಿಲ್ಲ, ಎರಡೂ ಊರಿನ ಮಕ್ಕಳು ಈಗ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾರೆ. ಆ ವರ್ಷ ಕಾಲುವೆಯಲ್ಲಿ ನೀರು ಕಡಿಮೆ. ಕೆಳಗಿನ ಊರಿನಲ್ಲಿ ಭತ್ತ ಹೊಡೆ ತುಂಬಿ ತೆನೆ ಹೊರಬರುವ ಹೊತ್ತು. ಆಗ ನೀರು ತಪ್ಪಿದರೆ ತೆನೆ ಜೊಳ್ಳಾಗಿ ನಿಲ್ಲುತ್ತದೆ. ಮೇಲಿನ ಊರಿನವರು ಗೇಟು ಇಳಿಸಿ ನೀರು ತಡೆದುಬಿಟ್ಟಿದ್ದರು. ನಮ್ಮ ಗೇಟು ನೋಡಿಕೊಳ್ಳುವವನು ಹನುಮಂತ, ಮೇಲಿನ ಊರಿನವನೇ. ಅವನು ತನ್ನ ಊರಿನವರಿಗೆ ಎದುರು ನಿಲ್ಲುವಂತಿರಲಿಲ್ಲ, ಕೆಳಗಿನವರಿಗೆ ಮುಖ ತೋರಿಸುವಂತಿರಲಿಲ್ಲ.

ಒಂದು ಬೆಳಿಗ್ಗೆ ಕಾಲುವೆಯ ಏರಿ ನೋಡಲು ಹೋದ ಹನುಮಂತನನ್ನು ಕೆಳಗಿನ ಊರಿನ ಹುಡುಗರು ಕರೆದುಕೊಂಡು ಹೋಗಿ ಕೂರಿಸಿಕೊಂಡರು. ಹೊಡೆಯಲಿಲ್ಲ, ಕಟ್ಟಿಹಾಕಲಿಲ್ಲ. ಊರಿನ ಹಿರಿಯ ಶರಣಪ್ಪನವರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಕಿ, ರೊಟ್ಟಿ ಕೊಟ್ಟು, “ನೀರು ಬಂದಮ್ಯಾಲ ಎದ್ದು ಹೋಗು” ಎಂದರು. ಸುದ್ದಿ ತಲುಪಿದ್ದೇ ತಡ ಮೇಲಿನ ಊರಿನಲ್ಲಿ ಎರಡು ಟ್ರ್ಯಾಕ್ಟರು ತಯಾರಾದವು. ಟ್ರೇಲರಿನಲ್ಲಿ ಬಡಿಗೆಗಳು. ಮುಂದೆ ನಿಂತವನು ಅಲ್ಲಿಯ ಯಜಮಾನ ವಿರುಪನಗೌಡರ ಅಣ್ಣನ ಮಗ ಎಂದೂ ಕೇಳಿಬಂತು.

ಸಾಹೇಬರು ಫೋನು ಮಾಡಿದರು. “ಮಧ್ಯಾಹ್ನದ ತನಕ ನೋಡ್ತೀನಿ. ಆಮ್ಯಾಲ ಪೊಲೀಸ್ ವ್ಯಾನ್ ಕಳಸ್ಲೇಬೇಕಾಗ್ತದ. ನೀವು...”

“ನಾ ಆ ಕಡೆ ಹೊಂಟಿಲ್ಲ ಸರ್” ಎಂದೆ.

“ಹಾಂ. ಲಗೂನ ಹೋಗ್ರಿ.”

ಬೈಕಿನ ಮೇಲೆ ಕೂತು ಲೆಕ್ಕ ಹಾಕಿದೆ. ಟ್ರ್ಯಾಕ್ಟರು ಹೊರಟರೆ ಬಂದು ನಿಲ್ಲುವುದು ಶರಣಪ್ಪನವರ ಓಣಿಯಲ್ಲೇ. ಅಲ್ಲಿ ಮೊದಲು ಕೈಗೆ ಸಿಗುವವನು ಹನುಮಂತ. ವ್ಯಾನು ಬಂದರೆ ಕೆಳಗಿನ ಊರಿನ ಹುಡುಗರು ಸಿಟ್ಟು ತೀರಿಸಿಕೊಳ್ಳಲು ಹತ್ತಿರ ಇರುವವನೂ ಅವನೇ. ಹೇಗೆ ತಿರುಗಿಸಿ ನೋಡಿದರೂ ನಡುವೆ ಆ ಮನುಷ್ಯ ಚಾಪೆಯ ಮೇಲೆ ಕೂತಿದ್ದ. ಅವನ ಹೆಂಡತಿ ನನ್ನ ನಂಬರಿಗೆ ಫೋನು ಮಾಡಿ, “ಯಪ್ಪಾ, ಅವ್ರಿಗಿ ಸಕ್ಕರಿ ಕಾಯಿಲಿ ಅದರೀ, ಗುಳಿಗಿ ಮನ್ಯಾಗ ಬಿಟ್ಟು ಹೋಗ್ಯಾರ” ಎಂದಳು. ನನಗೆ ನನ್ನ ಗುಳಿಗೆ ನೆನಪಾಗಿ ಜೇಬು ಮುಟ್ಟಿಕೊಂಡೆ. ನಾಚಿಕೆಯೂ ಆಯಿತು.

ಊರ ಹೊರಗಿನ ಸೇತುವೆಯ ಮೇಲೆ ಕೆಳಗಿನ ಊರಿನ ಹುಡುಗರು ನಿಂತಿದ್ದರು. ನನ್ನನ್ನು ಬಿಟ್ಟರು. ಶರಣಪ್ಪನವರ ಮನೆ ಮುಂದೆ ಬೈಕನ್ನು ಹೊರದಾರಿಗೆ ಮುಖ ಮಾಡಿ ನಿಲ್ಲಿಸಿ, ಕೀಲಿ ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದೆ. ಶರಣಪ್ಪನವರು ಅರವತ್ತು ದಾಟಿದವರು, ಮೆಲುದನಿ. ತಲೆ ಬೋಳಿಸಿದ್ದು ಮತ್ತೆ ಕುರುಚಲಾಗಿ ಬೆಳೆದಿತ್ತು. ಅದನ್ನು ನಾನು ನೋಡಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಹೆದರಿದವನು ಬಾಗಿಲು ಎಲ್ಲಿದೆ ಎಂದಷ್ಟೇ ನೋಡುತ್ತಾನೆ.

“ಶರಣಪ್ಪನವರ, ಹನುಮಂತನ್ನ ಕರಕೊಂಡು ಹೋಗಾಕ ಬಂದೀನ್ರಿ.”

“ಯಾಕ, ಇಲ್ಲಿ ಏನು ಕಮ್ಮಿ ಆಗೇದ ಅವಗ?” ಎಂದರು. “ನೀವೂ ಕುಂದರ್ರಿ. ಒಬ್ಬಾಂವಗ ಬ್ಯಾಸರ ಆಗಿತ್ತು.”

ಹೊರಗೆ ಯಾರೋ “ಲೇ, ರಾಯರ ಗಾಡಿ ತಿರುಗಿಸಿ ಇಡ್ರಲೇ” ಎಂದದ್ದು ಕೇಳಿತು. ಬಾಗಿಲಿನಿಂದ ಬಗ್ಗಿ ನೋಡಿದರೆ ನನ್ನ ಬೈಕನ್ನು ನಾಲ್ಕು ಜನ ಎತ್ತಿ, ಊರೊಳಗೆ ಮುಖ ಮಾಡಿ, ಗೋಡೆಗೆ ಒತ್ತಿ ಇಟ್ಟಿದ್ದರು. ಕೈಯಲ್ಲಿ ಕೀಲಿ ಹಿಡಿದ ನಾನು ಹೋಗಿ ಹನುಮಂತನ ಪಕ್ಕ ಕೂತೆ. ಚಾಪೆಯ ಮೇಲೆ ಈಗ ಇಬ್ಬರಾದೆವು.

“ರೊಟ್ಟಿ ಚೊಲೋ ಅದಾವ್ರಿ” ಎಂದು ಹನುಮಂತ ಪಿಸುಗುಟ್ಟಿದ.

ನಾನು ಇಲಾಖೆಯ ಮಾತು ಶುರು ಮಾಡಿದೆ. ನೀರಿನ ಮಟ್ಟ, ಸರದಿ, ಮುಂದಿನ ವಾರ. ಶರಣಪ್ಪನವರು ಕೇಳಿದರು, ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ಕೊನೆಗೆ ಬಾಗಿಲಿನ ಕಡೆ ನೋಡುತ್ತ, “ನೀರಿನ ಜಗಳ ನಮ್ಮಪ್ಪನ ಕಾಲದಿಂದ ಅದ ರಾಯರ. ಅದರಾಗ ಹೊಡದಾಡೀವಿ, ಕೂಡೀವಿ. ಆದ್ರ ಆ ಗೌಡ ನಮ್ಮವ್ವನ ಮಣ್ಣಿಗಿ ಬರಲಿಲ್ಲ” ಎಂದರು.

ಮಣ್ಣಿಗೆ ಹೋಗುವುದೆಂದರೆ ನಮ್ಮ ಕಡೆ ಎಂಥ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಬರದಿದ್ದರೆ ಮರೆಯುತ್ತಾರೆ. ಹೂಳುವ ದಿನ ಬಂದು ಒಂದು ಹಿಡಿ ಮಣ್ಣು ಹಾಕದಿದ್ದರೆ, ಆಮೇಲಾದರೂ ಬಂದು ದುಃಖದಲ್ಲಿದ್ದವರನ್ನು ಮಾತಾಡಿಸಿ ಹೋಗದಿದ್ದರೆ, ಮರೆಯುವುದಿಲ್ಲ. ಮುದುಕಿ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ, ತಲೆ ಬೋಳಿಸಿದ್ದೂ ಅದಕ್ಕೇ. ವಿರುಪನಗೌಡರು ಆ ಮನೆಗೆ ಪರಕೀಯರೂ ಅಲ್ಲ. ಅವರ ಮದುವೆಯಲ್ಲಿ ಅರಿಶಿಣ ಹಚ್ಚಿದಾಕೆಯೇ ಆಕೆ. ನಾನು ಇಷ್ಟು ಹೊತ್ತು ಗೇಟಿನ ಬಗ್ಗೆ ಮಾತಾಡುತ್ತಿದ್ದೆ.

“ಖಾಜಾಸಾಬರಿಗಿ ಒಂದು ಫೋನ್ ಮಾಡ್ಲೇನ್ರಿ?” ಎಂದೆ. ಬೇರೆ ಯಾರ ಹೆಸರೂ ತೋಚಲಿಲ್ಲ.

“ಮಾಡ್ರಿ” ಎಂದ ಬಾಗಿಲಲ್ಲಿ ನಿಂತ ಹುಡುಗ. “ಸ್ಪೀಕರ್ ಮ್ಯಾಲ ಮಾಡ್ರಿ. ನಾವೂ ಕೇಳ್ತೀವಿ.”

ಫೋನನ್ನು ಚಾಪೆಯ ನಡುವೆ ಇಟ್ಟೆ. ಖಾಜಾಸಾಬರ ಬಾಯಿ ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಯಾರ ಹೆಸರಿಗೂ ಒಂದು ಬಾಲ ಅಂಟಿಸದೆ ಕರೆಯುವವರಲ್ಲ. ಈಗ ಶರಣಪ್ಪನವರಿಗೆ ಏನಾದರೂ ಅಂದುಬಿಟ್ಟರೆ? ಫೋನು ರಿಂಗಾಗುವಷ್ಟು ಹೊತ್ತು ನಾನು ರಾಯರ ಸ್ತೋತ್ರವನ್ನು ಅರ್ಧದಿಂದ ಹೇಳಿಕೊಂಡೆ, ಮೊದಲ ಸಾಲು ನೆನಪಾಗಲಿಲ್ಲ.

“ಬೋಲೋ ರಾಯಸಾಬ್, ಜಿಂದಾ ಹೈ ಕ್ಯಾ, ಇನ್ನೂ ಬದುಕೀರೇನು?” ಎಂದರು.

“ಖಾಜಾಸಾಬ್, ನಾನು ಶರಣಪ್ಪನವರ ಮನ್ಯಾಗ ಅದೀನಿ. ಇಲ್ಲಿ ಅವ್ರ ತಾಯಿಯವರು... ಗೌಡ್ರು ಮಣ್ಣಿಗಿ ಬರಲಿಲ್ಲಂತ...”

ಸ್ವಲ್ಪ ಹೊತ್ತು ಆ ಕಡೆ ಅರದಿಂದ ಕಬ್ಬಿಣ ಉಜ್ಜುವ ಸದ್ದು ಮಾತ್ರ ಕೇಳಿತು. ಅದು ನಿಂತಿತು.

“ಕೈಸೆ, ಹೆಂಗ ಬರ್ತಾನ್ರೀ ಪಾಪ? ಮುದುಕಿ ಹೋದ ದಿನ ಗೌಡ ನನ್ನ ಅಂಗಡ್ಯಾಗೇ ಕುಂತಿದ್ದ. ಬಿಳಿ ಅಂಗಿ, ಹೆಗಲ ಮ್ಯಾಲ ಬಿಳಿ ವಸ್ತ್ರ. ಸೇತುವಿ ತನಕ ಹೋಗಿ ತಿರುಗಿ ಬಂದಿದ್ದ. ಅಲ್ಲಿ ಹುಡುಗ್ರು, ‘ಗೌಡ ಬಂದ್ರ ಚಪ್ಪಲಿ ತೋರಸ್ತೀವಿ’ ಅಂದ್ರಂತ ಯಾರೋ ಹೇಳ್ಯಾರ. ಸಾವಿನ ಮನಿ ಮುಂದ ಜಗಳ ಆಗೋದು ಬ್ಯಾಡಂತ ಬಂದು ನನ್ನ ಬೆಂಚಿನ ಮ್ಯಾಲ ಕುಂತ. ಹೊತ್ತು ಮುಳುಗೋ ತನಕ ಕುಂತ. ನಾ ತರಿಸಿದ ಚಾ ಮುಟ್ಟಲಿಲ್ಲ. ಯಾರಿಗೂ ಹೇಳಬ್ಯಾಡ ಅಂದಾನ, ನೀವೂ ಹೇಳಬ್ಯಾಡ್ರಿ ಮತ್ತ.”

ಹೇಳಬೇಕಾಗಿರಲಿಲ್ಲ. ಪಡಸಾಲೆಯಲ್ಲಿದ್ದವರೆಲ್ಲ ಕೇಳಿದ್ದರು. ಬಾಗಿಲಲ್ಲಿದ್ದ ಹುಡುಗ ತನ್ನ ಕಾಲಿನ ಚಪ್ಪಲಿ ನೋಡಿಕೊಂಡ. ಶರಣಪ್ಪನವರು ಎದ್ದು ಒಳಗೆ ಹೋದರು. ನೀರು ಕುಡಿದ ಸದ್ದು, ತಂಬಿಗೆ ಇಟ್ಟ ಸದ್ದು. ಮರಳಿ ಬಂದು ಕೂತು, ನನಗಲ್ಲ, ಫೋನಿಗೆ ಹೇಳಿದರು:

“ಮಾತಾಡ್ಸಾಕ ಬರೋರಿಗಿ ಈ ಮನ್ಯಾಗ ಯಾರೂ ಬ್ಯಾಡ ಅನ್ನಂಗಿಲ್ಲ.”

ಆ ಕಡೆಯಿಂದ ಫೋನು ಕಟ್ಟಾಯಿತು. ಸ್ಪೀಕರ್ ಹಾಕಿದ್ದು ಖಾಜಾಸಾಬರಿಗೆ ಗೊತ್ತಿತ್ತೇ? ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. “ಸ್ಪೀಕರ್ ಇತ್ತೇನ್ರೀ? ನಂಗೇನ್ ಗೊತ್ತು” ಎಂದು ಬೋಲ್ಟು ಒರೆಸುತ್ತಾರೆ.

ಖಾಜಾಸಾಬರು ಆ ಮಾತನ್ನು ಗೌಡರಿಗೆ ಮುಟ್ಟಿಸುತ್ತಾರೆಂದು ನಂಬಿ ಕಾಯುವುದು ಶುರುವಾಯಿತು. ನನಗೆ ಕಾಯುವುದೆಂದರೆ ಆಗಬಹುದಾದ ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಕರೆದು ಎದುರಿಗೆ ಕೂರಿಸಿಕೊಳ್ಳುವುದು. ಗೌಡರು ಒಪ್ಪದಿದ್ದರೆ? ಒಪ್ಪಿ ಟ್ರ್ಯಾಕ್ಟರಿನಲ್ಲೇ ಬಂದುಬಿಟ್ಟರೆ? ಸೇತುವೆಯ ಮೇಲೆ ಒಬ್ಬನೇ ಒಬ್ಬ ಒಂದೇ ಒಂದು ಮಾತಾಡಿದರೆ? ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಸಾಹೇಬರ ಫೋನು ಎರಡು ಸಲ ಬಂತು. ಎರಡೂ ಸಲ ಹುಡುಗ, “ಎತ್ರಿ, ಸ್ಪೀಕರ್” ಎಂದ. ನಾನು ಎತ್ತಲಿಲ್ಲ. ಹನುಮಂತನ ತುಟಿ ಒಣಗಿ ಬಿಳಿಯಾಗಿತ್ತು. ಅವನ ಗುಳಿಗೆಯ ವಿಷಯ ಶರಣಪ್ಪನವರ ಸೊಸೆಗೆ ಹೇಳಿದೆ. ಆಕೆ ತನ್ನ ಮಾವನ ಗುಳಿಗೆಗಳ ಡಬ್ಬಿಯನ್ನೇ ತಂದಿಟ್ಟಳು. ಹನುಮಂತ ಅದರಲ್ಲಿ ತನ್ನದೇ ಗುಳಿಗೆ ಗುರುತು ಹಿಡಿದು ನುಂಗಿದ. ವೈರಿಯ ಮನೆಯಲ್ಲೂ ಅದೇ ಕಾಯಿಲೆ.

ಆಮೇಲೆ ಹೊರಗೆ ಸದ್ದು ಕೇಳಿತು. ಟ್ರ್ಯಾಕ್ಟರಿನದಲ್ಲ. ಖಾಜಾಸಾಬರ ಹಳೆಯ ಸ್ಕೂಟರಿನದು, ಮಾನ್ವಿಯಲ್ಲಿ ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಹಿಂದಿನ ಸೀಟಿನಲ್ಲಿ, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಬಿಳಿ ಅಂಗಿ ತೊಟ್ಟ ಭಾರೀ ಆಳು ವಿರುಪನಗೌಡರು. ಜೀಪಿಲ್ಲ, ಜನರಿಲ್ಲ. ಹೆಗಲ ಮೇಲೆ ಬಿಳಿ ವಸ್ತ್ರ. ಸೇತುವೆಯ ಹುಡುಗರು ಅದನ್ನು ನೋಡಿ ದಾರಿ ಬಿಟ್ಟಿದ್ದರು. ಮಾತಾಡಿಸಲು ಬಂದವನನ್ನು ತಡೆಯುವ ಗಂಡಸು ಇನ್ನೂ ನಮ್ಮ ಕಡೆ ಹುಟ್ಟಿಲ್ಲ.

ಗೌಡರು ಹೊರಗೆ ಕಾಲು ತೊಳೆದು ಒಳಗೆ ಬಂದು ಜಮಖಾನದ ಮೇಲೆ ಕೂತರು. ನನ್ನನ್ನೂ ಹನುಮಂತನನ್ನೂ ನೋಡಲಿಲ್ಲ. ಸಾವಿನ ಮನೆಯಲ್ಲಿ ಕೇಳುವ ಮಾತನ್ನೇ ಕೇಳಿದರು.

“ಯವ್ವ ಉಣ್ಣೋದು ಬಿಟ್ಟು ಎಷ್ಟು ದಿನ ಆಗಿತ್ತು?”

“ಎರಡು ದಿನ. ಗಂಜಿ ಇಳೀಲಿಲ್ಲ” ಎಂದರು ಶರಣಪ್ಪನವರು.

“ಎಚ್ಚರ ಇತ್ತೇನು?”

“ಇತ್ತು. ವಿರುಪ ಬಂದಾನೇನಂತ ಕೇಳಿದ್ಲು.”

ಗೌಡರು ವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡರು. ಬೆವರೋ ಏನೋ. “ತಡ ಆತು” ಎಂದರು. ಶರಣಪ್ಪನವರು “ಆತು” ಎಂದರು. ಅಷ್ಟೇ. ನೀರಿನ ಹೆಸರು ಯಾರೂ ಎತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ, ಮಾತಾಡಿಸಲು ಹೋದಲ್ಲಿ ವ್ಯವಹಾರ ಆಡಬಾರದು. ಗೌಡರು ಎದ್ದರು, ತಿರುಗಿ ನೋಡದೆ ಹೊಸ್ತಿಲು ದಾಟಿದರು. ಸತ್ತವರ ಮನೆಯಿಂದ ಹೊರಡುವಾಗ ಯಾರೂ ‘ಬರ್ತೀನಿ’ ಎನ್ನುವುದಿಲ್ಲ. ಸುಮ್ಮನೆ ಎದ್ದು ಹೋಗಬೇಕು. ಅಂಥ ಕಾರಣಕ್ಕೆ ಮತ್ತೆ ಬರುವುದು ಬೇಡ ಎಂದು. ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತಿರುವ ಪದ್ಧತಿ.

ನಾನು ಎದ್ದು, ಎರಡೂ ಕೈ ಜೋಡಿಸಿ, ಇಡೀ ಓಣಿಗೆ ಕೇಳುವ ಹಾಗೆ, “ಹೋಗಿ ಬರ್ತೀವ್ರೀ” ಎಂದೆ.

ಒಳಗೆ ಹೆಂಗಸರು ಉಸಿರೆಳೆದರು. ಹೊಸ್ತಿಲಾಚೆ ಗೌಡರು ನಿಂತುಬಿಟ್ಟರು. ಬಾಗಿಲಲ್ಲಿದ್ದ ಹುಡುಗ ನನ್ನ ಕಡೆ ಒಂದು ಹೆಜ್ಜೆ ಇಟ್ಟ. ಇಡೀ ದಿನ ಕಟ್ಟಿದ್ದನ್ನೆಲ್ಲ ನಾನು ಎರಡು ಮಾತಿನಲ್ಲಿ ಕೆಡವಿದ್ದೆ. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಶರಣಪ್ಪನವರು ನನ್ನನ್ನು ದಿಟ್ಟಿಸಿ ನೋಡಿದರು.

“ನೀವು ಬರೋದು ಬ್ಯಾಡ್ರಿ ರಾಯರ” ಎಂದರು. “ನೀರು ಬಂದ್ರ ಸಾಕು.”

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಖಾಜಾಸಾಬರು ಸ್ಕೂಟರಿನ ಮೇಲೆ ಬಾಗಿ ನಕ್ಕದ್ದು ನೆನಪಿದೆ. ಗೌಡರ ಬೆನ್ನು ಅಲುಗಿತು, ಅವರು ಮುಖ ತಿರುಗಿಸಲಿಲ್ಲ. ಆ ನಗೆಯೊಳಗೇ ಶರಣಪ್ಪನವರು, “ಹನುಮಂತ, ನಿಮ್ಮ ಗೌಡ್ರು ಒಬ್ರೇ ಹೊಂಟಾರ. ಜೋಡಿ ಹೋಗು” ಎಂದರು. ಹನುಮಂತ ಹೆಗಲಿಗೆ ಟವೆಲ್ ಹಾಕಿಕೊಂಡು, ಯಾರದೋ ಚಪ್ಪಲಿ ಮೆಟ್ಟಿ, ಓಡಿದಂತೆ ನಡೆದ. ನನ್ನ ಬೈಕನ್ನು ಅದೇ ಹುಡುಗರು ಎತ್ತಿ ತಿರುಗಿಸಿ ಕೊಟ್ಟರು. ಓಣಿಯ ತಿರುವಿನಲ್ಲಿ ನಿಂತು ಸಾಹೇಬರಿಗೆ ಫೋನು ಮಾಡಿ, “ವ್ಯಾನ್ ಬ್ಯಾಡ ಸರ್” ಎಂದಷ್ಟೇ ಹೇಳಿದೆ.

ಗೇಟಿನ ಹತ್ತಿರ ಗೌಡರು ಸ್ಕೂಟರಿನಿಂದ ಇಳಿದು, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ, ಗೇಟಿಗೆ ಬೆನ್ನು ಮಾಡಿ ಕೂತರು. “ರಾಯರ, ನಿಮಗ ಬಿ.ಪಿ. ಅದಂತಲ್ಲ, ಉಪ್ಪು ಬಿಟ್ಟೀರೇನು?” ಎಂದು ಕೇಳಿದರು. ಅವರ ಬೆನ್ನ ಹಿಂದೆ ಹನುಮಂತ ಚಕ್ರ ತಿರುಗಿಸುತ್ತಿದ್ದ. ಅದು ಕಿರುಗುಟ್ಟುವ ಸದ್ದು ಅರ್ಧ ಊರಿಗೆ ಕೇಳುವಂಥದ್ದು, ಗೌಡರಿಗೆ ಕೇಳಿಸಲಿಲ್ಲ. ಉಪ್ಪಿನಕಾಯಿ ತಿನ್ನಬಾರದು ಎಂದು ನನಗೆ ಬಹಳ ಹೊತ್ತು ಬುದ್ಧಿ ಹೇಳಿದರು.

ಗೇಟು ತೆಗೆದರೆ ಮುಗಿಯಲಿಲ್ಲ. ಕೆಳಗಿನ ಊರಿನ ತನಕ ಮೇಲಿನ ಊರಿನ ಪಂಪುಗಳಿವೆ. ಎಲ್ಲ ಒಟ್ಟಿಗೆ ಶುರುವಾದರೆ ನೀರು ಅರ್ಧ ದಾರಿಯಲ್ಲಿ ಮುಗಿಯುತ್ತದೆ. ಮುಗಿದರೆ ಕೆಳಗಿನವರು ಮೋಸ ಎನ್ನುತ್ತಾರೆ, ನಾಳೆ ಮತ್ತೆ ಹನುಮಂತನೇ ಸಿಗುತ್ತಾನೆ. ಪಂಪು ಕಾಯುವ ತಮ್ಮ ಹುಡುಗರಿಗೆ ಗೌಡರು ಏನೂ ಹೇಳಿರಲಿಲ್ಲ, ಹೇಳಿದರೆ ಸೋತಂತೆ. ನಾನು ಬೈಕನ್ನು ಏರಿಯ ಮೇಲೆ ಹತ್ತಿಸಿ ನೀರಿನ ಜೊತೆ ಹೊರಟೆ. ಒಣಗಿದ ಕಾಲುವೆಯಲ್ಲಿ ನೀರಿನ ತುದಿ ಹಾವಿನ ಹಾಗೆ ಕಸ, ಎಲೆ, ಪ್ಲಾಸ್ಟಿಕ್ ನೂಕಿಕೊಂಡು ನಿಧಾನವಾಗಿ ಹೋಗುತ್ತದೆ. ಅದರ ವೇಗಕ್ಕೆ ಬೈಕು ನಡೆಸುವುದು ಕಷ್ಟ. ಎರಡೂ ಕಾಲು ನೆಲಕ್ಕೆ ಊರಿ ದಬ್ಬಿಕೊಂಡು ಹೋದೆ. ಪ್ರತಿ ಪಂಪಿನ ಪಕ್ಕ ಒಬ್ಬಿಬ್ಬರು ಕೂತಿದ್ದರು. ನೋಡಿದರು. ಶುರು ಮಾಡಲಿಲ್ಲ. ಇನ್ನೊಂದು ಪಂಪು, ಇನ್ನೊಂದು. ಒಂದೊಂದನ್ನು ದಾಟಿದಾಗಲೂ ಮುಂದಿನದನ್ನು ನೋಡಿದೆ, ಎಲ್ಲ ಕೆಡಲು ಉಳಿದ ಒಂದೇ ಒಂದು ಸಾಕಲ್ಲ ಎಂದು.

ಕೊನೆಯದು ಸೇತುವೆಗೆ ಸ್ವಲ್ಪ ಮುಂಚೆ. ದೊಡ್ಡ ಪಂಪು. ಅದರ ಪಕ್ಕ ಗೌಡರ ಅಣ್ಣನ ಮಗ, ಬೆಳಿಗ್ಗೆ ಟ್ರ್ಯಾಕ್ಟರಿನ ಮುಂದೆ ನಿಂತಿದ್ದವನು. ಕೈ ಸ್ಟಾರ್ಟರಿನ ಮೇಲಿತ್ತು.

“ಯಾಕ್ ರಾಯರ, ಇಷ್ಟು ಸಾವಕಾಶ ಹೊಂಟೀರಿ?”

“ನೀರು ಸಾವಕಾಶ ಹೊಂಟದಲ್ಲಪ್ಪ.”

ಅವನು ಕಾಲುವೆ ನೋಡಿದ, ದೂರದಲ್ಲಿ ಗೌಡರು ಕೂತಿದ್ದ ಬೇವಿನ ಮರ ನೋಡಿದ, ಸೇತುವೆಯ ಮೇಲೆ ನಿಂತ ಕೆಳಗಿನ ಊರಿನವರನ್ನು ನೋಡಿದ. ಕೊನೆಗೆ ಎದ್ದು, ಪೈಪನ್ನು ಎರಡೂ ಕೈಯಿಂದ ಹಿಡಿದು ಕಾಲುವೆಯಿಂದ ಎಳೆದು, ಏರಿಯ ಮೇಲೆ ಉದ್ದಕ್ಕೆ ಹಾಕಿದ.

“ಫುಟ್‌ವಾಲ್‌ದಾಗ ಕಸ ಸಿಕ್ಕೊಂಡದ್ರೀ” ಎಂದ, ನನ್ನ ಮುಖ ನೋಡದೆ. “ಇವತ್ತು ಎಳಿಯಂಗಿಲ್ಲ ಇದು.”

ಬಗ್ಗಿ ನೋಡಿದೆ. ಪೈಪಿನ ಬಾಯಿಯ ಜಾಲರಿ ತೊಳೆದಿಟ್ಟ ಹಾಗಿತ್ತು.

“ಹೌದಪ್ಪ,” ಎಂದೆ. “ಬಾಳ ಕಸ ಅದ.”

ನೀರು ಸೇತುವೆಯ ಕೆಳಗೆ ಹೋಯಿತು.